ಹುಳು ಹೇಗಿವೆ ಎಂದು ಕೇಳಿದರೆ

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯ ಎಡಬಲದ ಊರುಗಳಲ್ಲಿ ಯಾರ ಮಗ ಪರೀಕ್ಷೆಯಲ್ಲಿ ಫೇಲಾದ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿ ಕೂತಳು ಎಂಬುದೆಲ್ಲ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಉಳಿಯುವುದು ಒಂದೇ: ಯಾರ ಮನೆಯ ರೇಷ್ಮೆ ಹುಳು ಹೇಗಿವೆ ಎಂಬುದು. ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಪರವಾಗಿಲ್ಲ." ಚೆನ್ನಾಗಿವೆ ಎಂದರೆ ಕಣ್ಣು ಬೀಳುತ್ತದೆ. ಕೆಟ್ಟಿವೆ ಎಂದರೆ ಆಡಿದ ಮಾತೇ ಮುಂದಿನ ಬೆಳೆಗೂ ತಟ್ಟುತ್ತದೆ. ಗೂಡು ಮಾರುಕಟ್ಟೆ ಮುಟ್ಟಿ ಹರಾಜಾಗುವ ತನಕ ಹುಳುಮನೆಯ ಸುದ್ದಿ ಹುಳುಮನೆಯ ಹೊಸ್ತಿಲು ದಾಟಬಾರದು.

ಕವಿತಳಿಗೆ ಇದು ಗೊತ್ತಿರಲಿಲ್ಲ. ಅವಳ ತವರು ಮುರುಗಮಲ್ಲದ ಪಕ್ಕದ ಹಳ್ಳಿ. ಅಲ್ಲಿ ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದರು, ಹುಳು ಸಾಕುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ನಾಮಕರಣದ ಮನೆಯಲ್ಲಿ ಯಾರೋ ಕೇಳಿದ್ದಕ್ಕೆ, "ನಮ್ಮ ಹುಳು ತುಂಬಾ ಚೆನ್ನಾಗಿವೆ, ಬೆರಳು ಗಾತ್ರ ಆಗಿವೆ" ಎಂದುಬಿಟ್ಟಳು. ಅತ್ತೆ ಚಿಕ್ಕವೆಂಕಟಮ್ಮ ಎಲ್ಲರೆದುರೇ ಸೊಸೆಯ ತೊಡೆ ಹಿಂಡಿದರು. ಮನೆಗೆ ಬಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು.

"ಬಿ.ಎ. ಓದಿದೀನಿ ಅಂತೀಯ. ಬಾಯಿ ಮುಚ್ಕೊಂಡಿರೋದನ್ನ ಕಾಲೇಜಲ್ಲಿ ಹೇಳ್ಕೊಡಲ್ವಾ?"

ಆವತ್ತು ಅದನ್ನು ಕೇಳಿ ಬೇಲಿಯಾಚೆಯಿಂದ ನಕ್ಕವಳು ತನುಜ. ಪಕ್ಕದ ಮನೆಯವಳು. ಎರಡೂ ಮನೆಯ ಹಿಪ್ಪುನೇರಳೆ ಸೊಪ್ಪಿನ ತೋಟಗಳ ನಡುವೆ ಒಂದು ಬದು ಮಾತ್ರ. ಕವಿತಳಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಮೂರು ಮಕ್ಕಳ ತಾಯಿ. ಹುಳು ಜ್ವರಕ್ಕೆ ಹೋಗುವುದೆಂದರೆ ಕಾಯಿಲೆಯಲ್ಲ, ಅವು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ನಿಲ್ಲುವುದು ಎಂದು ಅವಳಿಗೆ ತೋರಿಸಿದವಳು ತನುಜ. ಹುಳುಮನೆಯೊಳಗೆ ಕಾಲಿಡುವ ಮುಂಚೆ ಸುಣ್ಣ ತುಳಿಯಬೇಕು, ಒಗ್ಗರಣೆಯ ಹೊಗೆ ತಾಕಿದ ಸೀರೆಯಲ್ಲಿ ಒಳಗೆ ಹೋಗಬಾರದು, ಗೂಡು ಕಟ್ಟಲು ಹಣ್ಣಾದ ಹುಳುವನ್ನು ಮೈ ಬಣ್ಣ ನೋಡಿ ಆರಿಸಬೇಕು ಎಂದೆಲ್ಲ ಹೇಳಿಕೊಟ್ಟವಳೂ ಅವಳೇ. ಅತ್ತೆ ಬೈದು ಕಲಿಸಿದ್ದನ್ನು ತನುಜ ನಗಿಸಿ ಕಲಿಸಿದಳು. ಆ ಊರಿನಲ್ಲಿ ಕವಿತ ಬಾಯ್ತುಂಬ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆಗೆ.

ಈ ಸಲದ ಬೆಳೆ ಮಾತ್ರ ಬೇರೆ ಥರದ್ದಾಗಿತ್ತು. ಚಿಕ್ಕವೆಂಕಟಮ್ಮನಿಗೆ ಮಂಡಿ ಆಪರೇಷನ್ ಆಗಿ ಜಗಲಿಯ ಮಂಚ ಬಿಟ್ಟು ಏಳುವಂತಿರಲಿಲ್ಲ. ಗಂಡ ಮೋಹನ್‌ಬಾಬು ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲೇ ರೂಮು, ಭಾನುವಾರ ಊರು. ಪೆರೇಸಂದ್ರದ ಕಡೆಯ ಹೂವಿನ ವ್ಯಾಪಾರಿಯೊಬ್ಬ ಅವನ ಬೆನ್ನು ಬಿದ್ದಿದ್ದ. ಸೊಪ್ಪಿನ ತೋಟ ಕಿತ್ತು ಜಮೀನು ಗುತ್ತಿಗೆಗೆ ಕೊಟ್ಟರೆ ಗುಲಾಬಿ ಹಾಕುತ್ತೇನೆ ಎಂದು.

"ಅಮ್ಮನ ಕೈಲಿ ಆಗಲ್ಲ, ನಾನಿರೋದು ಅಲ್ಲಿ. ಯಾರ್ ಮಾಡ್ತಾರೆ ಹುಳೂನ?" ಎಂದ ಮೋಹನ್‌ಬಾಬು.

"ನಾನು ಮಾಡ್ತೀನಿ."

"ಒಬ್ಬಳೇ?"

"ಒಬ್ಬಳೇ."

"ಸರಿ. ಈ ಬೆಳೆ ನಿಂದು. ಕೈಗೆ ಬಂದ್ರೆ ತೋಟ ಉಳೀತು. ಬರ್ಲಿಲ್ಲ ಅಂದ್ರೆ ಗುಲಾಬಿ. ಆಮೇಲೆ ಅಳಬಾರ್ದು."

ಅವನಿಗೆ ಅದು ಜಮೀನಿನ ಲೆಕ್ಕ. ಕವಿತಳಿಗೆ ಹಾಗಲ್ಲ. ಸಾರಿಗೆ ಎಷ್ಟು ಹುಣಸೆ ಹಾಕಬೇಕೆಂಬುದರಿಂದ ಹಿಡಿದು ಅವಳ ತವರಿಗೆ ಯಾವಾಗ ಹೋಗಬೇಕೆಂಬುದರ ತನಕ ಆ ಮನೆಯಲ್ಲಿ ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಿದ್ದರು. ಹುಳುಮನೆಯ ಸೊಳ್ಳೆಪರದೆ ಸರಿಸಿ ಒಳಗೆ ಹೋದರೆ ಮಾತ್ರ ತೀರ್ಮಾನ ಅವಳದು. ಕಿಟಕಿ ಎಷ್ಟು ತೆರೆಯಬೇಕು, ಸೊಪ್ಪು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು. ಆ ಕತ್ತಲು ತಂಪಿನಲ್ಲಿ, ಹುಳು ಸೊಪ್ಪು ಮೇಯುವ ಸದ್ದಿನ ನಡುವೆ, ಅವಳಿಗೆ ತಾನು ಓದಿದ್ದು ದಂಡವಾಗಲಿಲ್ಲ ಎನಿಸುತ್ತಿತ್ತು.

ಚಾಕಿ ಕೇಂದ್ರದಿಂದ ತಂದ ಮರಿ ಹುಳುಗಳು ಮೂರನೇ ಜ್ವರದಲ್ಲಿದ್ದಾಗ ಪುಡಿ ಮಾರುವ ಗಂಗರಾಜು ಬಂದ. ಬೈಕಿನ ಹಿಂದೆ ಚೀಲಗಳು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಅರ್ಧ ತೆಲುಗು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ದೂರದಲ್ಲೇ ನಿಂತ, ಹುಳುಮನೆಯ ರೀತಿ ಬಲ್ಲವನಂತೆ.

"ಏಮಕ್ಕಾ, ಬಾಗುನ್ನಾರಾ? ಹುಳು ಜ್ವರದಿಂದ ಎದ್ದಾಗ ಉದುರಿಸೋ ಪುಡಿ ತಂದಿದೀನಿ. ಅಂಗಡೀಲಿ ಸಿಗೋದೇ, ಅದೇ ಕಂಪನಿ."

ಜ್ವರದಿಂದ ಎದ್ದ ಹುಳುಗಳ ಮೈಮೇಲೆ ರೋಗ ಹರಡದಂತೆ ತೆಳುವಾಗಿ ಪುಡಿ ಉದುರಿಸುವುದು ಎಲ್ಲರ ಮನೆಯ ಪದ್ಧತಿ. ಕವಿತ ಚೀಲ ತಿರುಗಿಸಿ ನೋಡಿದಳು. ಬಣ್ಣ ಅದೇ, ಹುಳುವಿನ ಚಿತ್ರ ಅದೇ.

"ನಾವು ಶಿಡ್ಲಘಟ್ಟದ ಅಂಗಡಿಯಿಂದಲೇ ತರೋದು."

"ಅಂಗಡಿಯೋನು ಕಂಪನಿಯಿಂದ ತರ್ತಾನೆ, ನಾನೂ ಕಂಪನಿಯಿಂದ ತರ್ತೀನಿ. ಮಧ್ಯದಲ್ಲಿ ಅವನ ಹೊಟ್ಟೆ ಯಾಕೆ ಬೆಳೆಸ್ಬೇಕು ಹೇಳಿ?"

"ಬಿಲ್ ಕೊಡ್ತೀರಾ?"

"ಬಿಲ್ಲಾ!" ಅವನು ನಕ್ಕ. "ಅಕ್ಕ ಓದ್ಕೊಂಡಿದಾರೆ. ಕೊಡಣ ಬಿಡಿ, ನಾಳೆ ಬಿಲ್ ಬುಕ್ ತರ್ತೀನಿ."

"ಹಾಗಾದ್ರೆ ಪುಡೀನೂ ನಾಳೇನೇ ತನ್ನಿ."

ಜಗಲಿಯಿಂದ ಅತ್ತೆ ಮೆಚ್ಚುಗೆಯಿಂದ ಕೆಮ್ಮಿದರು. ಗಂಗರಾಜುವಿನ ಮುಖ ಮಾತ್ರ ಸ್ವಲ್ಪವೂ ಬಾಡಲಿಲ್ಲ.

"ಒಳ್ಳೇದು ಅಕ್ಕ, ಹಿಂಗೇ ಇರ್ಬೇಕು. ಯಾರನ್ನೂ ನಂಬ್ಬಾರ್ದು. ನನ್ನ ಮಾತೂ ನಂಬ್ಬೇಡಿ, ತನುಜಕ್ಕನ್ನ ಕೇಳಿ. ನಿಮ್ಮ ಮನೆಗೆ ಹೋಗು ಅಂತ ಕಳಿಸಿದ್ದೇ ಅವರು."

ಆ ಸಂಜೆ ಕವಿತ ಬೇಲಿ ದಾಟಿ ಹೋದಳು. ತನುಜ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕವಿತಳೂ ಕೂತು ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು.

"ಆ ಪುಡಿಯೋನನ್ನ ನೀನು ಕಳಿಸಿದ್ದಾ ತನುಜಕ್ಕ?"

"ಹೂಂ."

"ನೀನು ಹಾಕಿದ್ಯಾ ಅದನ್ನ?"

"ಹಾಕ್ದೆ ಕಣೇ. ಹೋದ ಬೆಳೆಗೆ."

"ಹೆಂಗೆ ಬಂತು?"

"ಪರವಾಗಿಲ್ಲ."

ಕವಿತ ಅವಳ ಕೈ ಹಿಡಿದುಕೊಂಡಳು. "ನಮ್ಮತ್ತೆ ಹತ್ರ ಹೇಳೋ ಪರವಾಗಿಲ್ಲ ನನ್ಹತ್ರ ಹೇಳ್ಬೇಡ. ಈ ಬೆಳೆ ಹೋದ್ರೆ ತೋಟ ಹೋಗುತ್ತೆ. ನಿನಗೆ ಗೊತ್ತಲ್ಲ. ನಿಜ ಹೇಳು."

ತನುಜ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಮೊರದಲ್ಲಿದ್ದ ಕಾಳು ಸರಿ ಮಾಡಿದಳು. ಬಿದ್ದ ಸಿಪ್ಪೆ ಎತ್ತಿ ಪಕ್ಕಕ್ಕೆ ಹಾಕಿದಳು.

"ಚೆನ್ನಾಗಿ ಬಂತು. ರಾಮನಗರಕ್ಕೆ ಹಾಕಿಸಿದ್ವಿ ಗೂಡನ್ನ, ಒಳ್ಳೇ ರೇಟೇ ಸಿಕ್ತು. ನೀನೂ ಹಾಕು, ಹೆದರ್ಬೇಡ."

ಮರುದಿನ ಗಂಗರಾಜು ಬಂದಾಗ ಬಿಲ್ ಬುಕ್ ಮರೆತಿದ್ದ. ಕವಿತ ಒತ್ತಾಯಿಸದೆ ಚೀಲ ತೆಗೆದುಕೊಂಡಳು. ತನುಜಕ್ಕನ ಮಾತಿಗಿಂತ ಬಿಲ್ಲು ಹೆಚ್ಚೇ?

ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ಹೊಟ್ಟೆಯೋ ಹೊಟ್ಟೆ. ಹೊರೆ ಹೊರೆ ಕಡ್ಡಿ ಸೊಪ್ಪು ಹಾಕಿದರೂ ಸಾಲದು. ಆದರೆ ಒಂದು ಬೆಳಿಗ್ಗೆ ಕವಿತ ನೋಡಿದರೆ, ಹಾಕಿದ ಸೊಪ್ಪು ಹಾಗೇ ಉಳಿದಿತ್ತು. ಕೆಲವು ಹುಳುಗಳು ಮೇವು ಬಿಟ್ಟು ಅಟ್ಟಣಿಗೆಯ ಅಂಚಿನಲ್ಲಿ ಸುಮ್ಮನೆ ಹರಿದಾಡುತ್ತಿದ್ದವು, ದಾರಿ ತಪ್ಪಿದವರ ಹಾಗೆ. ಮೈ ಉಬ್ಬಿ ಮಿರಮಿರ ಹೊಳೆಯುತ್ತಿತ್ತು. ಒಂದನ್ನು ಎತ್ತಿಕೊಂಡಳು. ಅವಳ ಬೆರಳ ನಡುವೆಯೇ ಅದರ ಚರ್ಮ ಒಡೆದು ಹಾಲಿನಂಥದ್ದು ಸುರಿಯಿತು.

ಹಾಲು ತೊಂಡೆ. ಹೆಸರು ಕೇಳಿದ್ದಳು, ಕಂಡಿರಲಿಲ್ಲ.

ಕೆಟ್ಟ ಹುಳುಗಳನ್ನು ಆರಿಸಿ ತೆಗೆದಳು, ಮತ್ತೆ ಅದೇ ಪುಡಿ ಉದುರಿಸಿದಳು. ಹೊತ್ತಿನಿಂದ ಹೊತ್ತಿಗೆ ಆರಿಸುವುದು ಹೆಚ್ಚಾಯಿತು. ಜಗಲಿಯಿಂದ ಅತ್ತೆ ಕೂಗಿದರು, "ಇಷ್ಟೊತ್ತು ಏನ್ ಮಾಡ್ತಿದೀಯ ಒಳಗೆ?"

"ಸೊಪ್ಪು ಹಾಕ್ತಿದೀನಿ ಅತ್ತೆ."

"ಹುಳು?"

ಅವಳ ಬಾಯಿಂದ ತಾನಾಗಿಯೇ ಹೊರಟಿತು, "ಪರವಾಗಿಲ್ಲ."

ಅತ್ತೆ ಮಂಚದ ಮೇಲೆ ಎದ್ದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಮಂಡಿ ಹೋಗಿದೆ ಕಣಮ್ಮ, ಮೂಗು ಹೋಗಿಲ್ಲ. ಆ ವಾಸನೆ ನಂಗೆ ಗೊತ್ತು."

ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಾದ ವಾರದಲ್ಲಿ ಕವಿತ ಅವನ್ನು ಬುಟ್ಟಿಗೆ ತುಂಬಿ ತೋಟದ ಅಂಚಿಗೆ ಹೊತ್ತಳು. ರೋಗದ ಹುಳುವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಬದುವಿನ ಪಕ್ಕ ಮಣ್ಣು ಮೆದುವಾಗಿದ್ದ ಕಡೆ ಗುದ್ದಲಿ ಹಾಕಿದಳು. ಎರಡು ಏಟಿಗೇ ವಾಸನೆ ಎದ್ದು ಬಂತು. ಅವಳ ಬುಟ್ಟಿಯದಲ್ಲ, ಮಣ್ಣಿನದು. ಗುದ್ದಲಿಯ ಬಾಯಿಗೆ ಸುಣ್ಣದ ಹೆಂಟೆಯೊಂದು ಸಿಕ್ಕಿತು, ಅದರ ಕೆಳಗೆ ಕರಗಿ ಮುದ್ದೆಯಾದ ಹುಳು. ಅದರ ಜೊತೆಗೇ ಮಡಿಸಿ ಹೂತಿದ್ದ ಚೀಲ. ಅದೇ ಬಣ್ಣ, ಅದೇ ಹುಳುವಿನ ಚಿತ್ರ.

ಬದುವಿನ ಆಚೆ ತನುಜಳ ತೋಟ. ಮೆದು ಮಣ್ಣು ಹುಡುಕುತ್ತ ಕವಿತ ಗುದ್ದಲಿ ಹಾಕಿದ್ದ ಗುಂಡಿ ತನುಜಳ ಪಾಲಿನ ಮಣ್ಣಿನಲ್ಲೇ ಇತ್ತು.

ಕವಿತ ಗುದ್ದಲಿಯ ಹಿಡಿ ಹಿಡಿದು ನಿಂತಳು. ಚೆನ್ನಾಗಿ ಬಂತು ಎಂದಿದ್ದಳು ತನುಜ. ರಾಮನಗರಕ್ಕೆ ಹಾಕಿಸಿದ್ವಿ ಎಂದಿದ್ದಳು. ಹೇಳುವಾಗ ಕೈ ಬಿಡಿಸಿಕೊಳ್ಳಲಿಲ್ಲ. ತಾನು ಅಷ್ಟು ಬಿಗಿಯಾಗಿ ಹಿಡಿದಿದ್ದ ಕೈ ಒಂದಿಷ್ಟೂ ನಡುಗಲಿಲ್ಲವಲ್ಲ ಎಂಬುದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಅವಳು ಗುಂಡಿ ಮುಚ್ಚಿ, ತನ್ನ ತೋಟದ ಇನ್ನೊಂದು ಮೂಲೆಯಲ್ಲಿ ಬೇರೆ ಗುಂಡಿ ತೋಡಿದಳು.

ಗಂಗರಾಜುವಿಗೆ ಫೋನ್ ಮಾಡಿದಾಗ ಅವನು ಎತ್ತುವುದಿಲ್ಲ ಎಂದುಕೊಂಡಿದ್ದಳು. ಅವನು ಎತ್ತಿದ, ಬಂದೂ ಬಂದ. ಹುಳು ಹೋದ ಸುದ್ದಿ ಕೇಳಿ ತನ್ನ ಮನೆಯದೇ ಹೋದಂತೆ ಲೊಚಗುಟ್ಟಿದ.

"ಅಯ್ಯೋ ಪಾಪಂ. ಹವಾ ಅಕ್ಕ, ಹವಾ. ಈ ಸಲ ಮೋಡ ಜಾಸ್ತಿ." ಆಮೇಲೆ ದನಿ ತಗ್ಗಿಸಿದ. "ನೀವು ಯಾಕೆ ನಷ್ಟ ಪಡ್ಬೇಕು? ಮುಂದಿನ ಬೆಳೆಗೆ ಚಾಕಿ ಹುಳು ನಾನು ತಂದು ಹಾಕ್ತೀನಿ, ಒಂದು ರೂಪಾಯಿ ಬೇಡ. ನಿಮ್ಮ ಯಜಮಾನ್ರಿಗೂ ಹೇಳೋ ಅವಶ್ಯ ಇಲ್ಲ, ಬೆಳೆ ಸ್ವಲ್ಪ ತಡ ಆಯ್ತು ಅನ್ನಿ ಸಾಕು. ನೀವು ಮಾಡ್ಬೇಕಾದ್ದು ಏನೂ ಇಲ್ಲ. ಹೋಯ್ತು ಅಂತ ಯಾರ ಹತ್ರಾನೂ ಅನ್ಬೇಡಿ. ಹಂಗೇ ನಿಮಗೆ ಗೊತ್ತಿರೋ ಒಂದೆರಡು ಮನೆಗೆ ನನ್ನ ಹೆಸರು ಹೇಳಿ."

"ತನುಜಕ್ಕಂಗೂ ಹಿಂಗೇ ಹೇಳಿದ್ರಾ?"

ಅವನು ನಕ್ಕು ಬೈಕು ಹತ್ತಿದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಅವನು ಹೋದ ಮೇಲೆ ಅತ್ತೆ ಹೇಳಿದರು, "ಊರಿಕೆ ಉಂಡವೇ. ಸುಮ್ನಿದ್ಬಿಡು. ಕಳ್ಳನೋ ಸುಳ್ಳನೋ, ಹುಳು ಕೊಡ್ತೀನಿ ಅಂತಾನಲ್ಲ. ತೋಟ ಉಳ್ಕೊಳುತ್ತೆ. ಹುಳು ಹೋದದ್ದನ್ನ ಬಾಯಿಬಿಟ್ಟು ಆಡಿದೋರು ಈ ಮನೇಲಿ ಯಾರೂ ಇಲ್ಲ."

ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕವಿತ ಎರಡು ದಿನ ಹುಳುಮನೆ ತೊಳೆಯುವ ನೆಪದಲ್ಲಿ ಅಲ್ಲೇ ಇದ್ದಳು. ಖಾಲಿ ಅಟ್ಟಣಿಗೆಗಳ ನಡುವೆ ಕೂತು ಯೋಚಿಸಿದಳು. ಈ ಊರಿನ ಮೌನ ಯಾರಿಗೂ ಕೆಡುಕು ಬಯಸಿ ಹುಟ್ಟಿದ್ದಲ್ಲ. ಹುಳುವನ್ನು ಕಾಪಾಡಲೆಂದು ಹುಟ್ಟಿದ್ದು. ಅದರ ಒಳಗೆ ಈಗ ಒಬ್ಬ ಬೈಕಿನಲ್ಲಿ ಬಂದು ಬೀಡುಬಿಟ್ಟಿದ್ದಾನೆ. ಮನೆಯಿಂದ ಮನೆಗೆ ಹೋಗಿ ಮಾರುತ್ತಾನೆ, ಯಾವ ಮನೆಯೂ ಪಕ್ಕದ ಮನೆಗೆ ಹೇಳುವುದಿಲ್ಲ. ಅವನಿಗೆ ಬೀಗವೂ ಬೇಡ, ಬೀಗದ ಕೈಯೂ ಬೇಡ.

ಮೂರನೇ ದಿನ ಚೀಲದಲ್ಲಿ ಉಳಿದ ಪುಡಿ ತೆಗೆದುಕೊಂಡು ಶಿಡ್ಲಘಟ್ಟದ ರೇಷ್ಮೆ ಇಲಾಖೆಗೆ ಹೋದಳು. ಅಲ್ಲಿದ್ದ ಅಧಿಕಾರಿ ವಾದಿರಾಜ ಪುಡಿಯನ್ನು ಅಂಗೈ ಮೇಲೆ ಹಾಕಿಕೊಂಡು ಮೂಸಿದರು.

"ಔಷಧಿ ವಾಸನೆ ಇರ್ಬೇಕಿತ್ತು. ನಂಗೆ ಸುಣ್ಣದ ವಾಸನೆ ಬಿಟ್ರೆ ಏನೂ ಬರ್ತಿಲ್ಲ. ಪರೀಕ್ಷೆಗೆ ಕಳಿಸ್ಬೇಕು. ಬಿಲ್ ಇದೆಯಾ?"

"ಇಲ್ಲ ಸರ್."

ಅವರು ಬೈಯಲಿಲ್ಲ. "ಚೀಲ ಇಟ್ಕೊಂಡಿದೀರಲ್ಲ, ಅದೇ ದೊಡ್ಡದು. ಬರೆದು ಕೊಡಿ, ತಗೋತೀನಿ. ಆದ್ರೆ ಒಂದೇ ಮನೆ ಅಂದ್ರೆ ನಿಮ್ಮ ಸಾಕಾಣಿಕೆ ಸರಿ ಇಲ್ಲ ಅಂತಾನೆ ಅವನು. ಇನ್ನೊಬ್ರು ಬಂದು ನಮ್ಮ ಮನೇಲೂ ಹಿಂಗೇ ಆಯ್ತು ಅಂದ್ರೆ ಬಲ ಬರುತ್ತೆ. ನಿಮ್ಮೂರಲ್ಲಿ ಯಾರ ಬೆಳೇನೂ ಕೆಟ್ಟಿಲ್ಲ ಅಂತಲೇ ನಮಗೆ ವರದಿ ಇರೋದು, ನೋಡಿ."

ಕವಿತ ಬಸ್ಸಿಳಿದವಳು ಮನೆಗೆ ಹೋಗದೆ ನೇರ ತನುಜಳ ಹಿತ್ತಲಿಗೆ ಹೋದಳು.

"ಬದುವಿನ ಪಕ್ಕದ ಗುಂಡಿ ನೋಡ್ದೆ ತನುಜಕ್ಕ."

ಬಟ್ಟೆ ಒಗೆಯುತ್ತಿದ್ದ ತನುಜ ಕೈ ನಿಲ್ಲಿಸಿದಳು. ತಲೆ ಎತ್ತದೆ ಕೇಳಿದ ಮೊದಲ ಮಾತು, "ಯಾರಿಗೂ ಹೇಳಿಲ್ಲ ತಾನೆ?"

ಕವಿತ ಏನೇನೋ ನಿರೀಕ್ಷಿಸಿದ್ದಳು. ಅಳು, ಆಣೆ, ಜಗಳ. ಇದನ್ನಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹುಳು ಹೋದ್ವು ಅಂತ ಯಾರು ಯಾರಿಗೆ ಹೇಳ್ತಾರೆ? ನಿಮ್ಮತ್ತೆ ಹೇಳಿದಾರಾ ಯಾವತ್ತಾದ್ರೂ?"

"ಹೇಳ್ದೆ ಇರೋದು ಬೇರೆ. ನಾನು ಕೈ ಹಿಡ್ಕೊಂಡು ಕೇಳ್ದೆ. ಚೆನ್ನಾಗಿ ಬಂತು ಅಂದೆ. ಹಾಕು ಅಂದೆ."

ತನುಜ ಸೋಪಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಮ್ಮ ಮನೆಯೋರಿಗೆ ಬೆಳೆ ಹೋಗಿದ್ದು ಗೊತ್ತು. ನಾನು ಅಂಗಡಿ ಬಿಟ್ಟು ಅವನ ಹತ್ರ ಪುಡಿ ತಗೊಂಡೆ ಅನ್ನೋದು ಗೊತ್ತಿಲ್ಲ. ಗೊತ್ತಾದ್ರೆ ಏನಾಗುತ್ತೆ ಅಂತ ನಿಂಗೊತ್ತು. ಚಾಕಿ ಹಾಕ್ಕೊಡ್ತೀನಿ, ಯಾರಿಗಾದ್ರೂ ಹೇಳು ಅಂದ ಅವನು. ಯಾರಿಗೆ ಹೇಳ್ಲಿ ಕವಿತ? ನಾನ್ ಹೇಳಿದ್ನ ಹಿಂದೆ ಮುಂದೆ ನೋಡ್ದೆ ನಂಬೋಳು ಈ ಊರಲ್ಲಿ ನೀನೊಬ್ಬಳೇ ತಾನೆ?"

ಅವಳು ಇದನ್ನು ಚುಚ್ಚಲೆಂದು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಲ್ಲಿಯ ನೀರು ಬಕೆಟ್ ತುಂಬಿ ಹೊರಗೆ ಹರಿಯುತ್ತಿದ್ದರೂ ಇಬ್ಬರೂ ನಿಲ್ಲಿಸಲಿಲ್ಲ.

"ನನ್ಜೊತೆ ಆಫೀಸಿಗೆ ಬಾ," ಎಂದಳು ಕವಿತ ಕೊನೆಗೆ. "ನೀನೂ ಒಂದು ಮಾತು ಹೇಳು. ನಮ್ಮದು ಹೋಯ್ತು, ಹೋಗ್ಲಿ. ಇನ್ನೊಬ್ಬರದಾದ್ರೂ ಉಳೀಲಿ."

"ನೋಡಣ," ಎಂದಳು ತನುಜ.

ಭಾನುವಾರ ಬೆಳಿಗ್ಗೆ ಹಾಲಿನ ಡೇರಿಯ ಮುಂದೆ ಊರಿಗೆ ಊರೇ ಸೇರಿತ್ತು. ಗಂಗರಾಜುವಿನ ಬೈಕು ಅಲ್ಲೇ ಆಲದ ಕೆಳಗೆ ನಿಂತಿತ್ತು. ಎರ್ರಪ್ಪ ತಾತ ಒಂದು ಚೀಲ ಆಗಲೇ ಬಗಲಿಗೇರಿಸಿಕೊಂಡು ಬನಿಯನ್ನಿನ ಜೇಬು ತಡಕುತ್ತಿದ್ದ. ಅವನ ಹುಳು ಜ್ವರದಲ್ಲಿದ್ದವು. ಮೋಹನ್‌ಬಾಬು ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿದ್ದ. ತನುಜಳೂ ಇದ್ದಳು, ಸ್ವಲ್ಪ ದೂರದಲ್ಲಿ ಅವಳ ಗಂಡನೂ.

ಮಂಗಮ್ಮ, ಎಲ್ಲರ ಯೋಗಕ್ಷೇಮ ವಿಚಾರಿಸುವ ಮುದುಕಿ, ವಾಡಿಕೆಯಂತೆ ಕೇಳಿದಳು, "ಏನಮ್ಮಾ ಕವಿತಮ್ಮ, ಮೊದಲನೇ ಸಲ ಒಬ್ಬಳೇ ಮಾಡ್ದೆ. ಹುಳು ಹೆಂಗವೆ?"

"ಹೋದ್ವು ಅಜ್ಜಿ," ಎಂದಳು ಕವಿತ. "ಎಲ್ಲಾ ಹೋದ್ವು. ಹಾಲು ತೊಂಡೆ. ಆ ಚೀಲದ ಪುಡಿ ಹಾಕಿದ್ದೆ."

ಕ್ಯಾನುಗಳ ಸದ್ದು ನಿಂತಿತು. ಅಂಥ ಮಾತನ್ನು ಆ ಊರು ಬಯಲಿನಲ್ಲಿ ಕೇಳಿಯೇ ಇರಲಿಲ್ಲ. ಮಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಯಾರೋ ನೆಲಕ್ಕೆ ಉಗಿದರು, ದೃಷ್ಟಿ ಕಳೆಯುವ ಹಾಗೆ. ಮೋಹನ್‌ಬಾಬು ತಿರುಗಿ ಹೆಂಡತಿಯನ್ನು ನೋಡಿದ.

ಗಂಗರಾಜು ಮೊದಲು ಚೇತರಿಸಿಕೊಂಡವನು. "ಅಕ್ಕಾ, ಹುಳು ಸಾಕೋದು ಕೈಯಭ್ಯಾಸ, ಪರೀಕ್ಷೆ ಬರೆದಂಗಲ್ಲ. ನಿಮ್ಮತ್ತೆ ಎದ್ದು ಓಡಾಡಿದ್ದಿದ್ರೆ ಹಿಂಗಾಗ್ತಿತ್ತಾ?" ಒಂದಿಬ್ಬರು ನಕ್ಕರು. "ನನ್ನ ಪುಡಿ ಸರಿ ಇಲ್ಲ ಅಂದ್ರೆ ಎಲ್ಲರದೂ ಹೋಗ್ಬೇಕಿತ್ತಲ್ಲಪ್ಪ? ತನುಜಕ್ಕ ಇಲ್ಲೇ ಇದಾರೆ. ಹೇಳಿ ತನುಜಕ್ಕಾ, ನಿಮ್ಮದು ಹೆಂಗೆ ಬಂತು?"

ಎಲ್ಲರ ಮುಖವೂ ತನುಜಳ ಕಡೆ ತಿರುಗಿತು. ಅವಳು ಗಂಡನನ್ನು ನೋಡಿದಳು, ಕ್ಯಾನಿನ ಮುಚ್ಚಳ ನೋಡಿದಳು. ಕವಿತಳನ್ನು ಮಾತ್ರ ನೋಡಲಿಲ್ಲ.

"ನಮ್ಮದು ಚೆನ್ನಾಗೇ ಬಂತು," ಎಂದಳು.

ಬೆಳೆ ಹೋದದ್ದು ಅವಳ ಗಂಡನಿಗೂ ಗೊತ್ತಿತ್ತು. ಪುಡಿಯ ವಿಷಯ ಈಗಷ್ಟೇ ಕಿವಿಗೆ ಬಿದ್ದಿದ್ದರೂ, ಹುಳುಮನೆಯ ಸುದ್ದಿ ಬೀದಿಗೆ ಬರಲಿಲ್ಲವೆಂಬ ಸಮಾಧಾನದಿಂದಲೋ ಏನೋ ಅವನು ತಲೆಯಾಡಿಸಿದ.

ಗುಂಡಿ ಇದೆ, ಬನ್ನಿ ತೋರಿಸುತ್ತೇನೆ ಎಂಬ ಮಾತು ಕವಿತಳ ನಾಲಿಗೆಯ ತುದಿಗೆ ಬಂದಿತ್ತು. ಬದು ದೂರವೇನಿಲ್ಲ. ಚೀಲವೂ ಅಲ್ಲೇ ಇದೆ. ಅವಳು ಆ ಮಾತು ಆಡಲಿಲ್ಲ. ಕರುಣೆಯಿಂದಲೋ, ಅಸಹ್ಯದಿಂದಲೋ, ಇಷ್ಟು ದಿನದಲ್ಲಿ ಈ ಊರು ತನ್ನೊಳಗೂ ಇಳಿದುಬಿಟ್ಟಿದೆಯೋ ಎಂಬುದು ಅವಳಿಗೆ ಆಮೇಲೂ ಬಗೆಹರಿಯಲಿಲ್ಲ.

ಅವಳು ಎರ್ರಪ್ಪನ ಕಡೆ ತಿರುಗಿದಳು. "ತಾತ, ನನ್ನ ಮಾತೂ ಬೇಡ, ತನುಜಕ್ಕನ ಮಾತೂ ಬೇಡ. ಅವನ ಹತ್ರ ಬಿಲ್ ಕೇಳಿ. ಅಂಗಡಿ ಹೆಸರು, ಅವನ ಸಹಿ ಇರೋ ಬಿಲ್ಲು. ಕೊಟ್ರೆ ತಗೊಳ್ಳಿ."

ಎರ್ರಪ್ಪ ಜೇಬಿನಿಂದ ಕೈ ತೆಗೆದ. "ಕೊಡು ನಾಯನಾ ಬಿಲ್ಲು."

"ತಾತಾ, ನಿಮಗೂ ಬಿಲ್ಲಾ? ನೀವು ಓದ್ತೀರಾ?"

"ನಾನು ಓದಲ್ಲ. ನೀನು ಬರಿ. ಬರೆಯೋಕೆ ನಿಂಗೇನು ಕಷ್ಟ?"

"ನಾಳೆ ತರ್ತೀನಿ."

"ಹಂಗಾದ್ರೆ ಪುಡೀನೂ ನಾಳೆ ಉದುರಿಸ್ತೀನಿ," ಎಂದು ಎರ್ರಪ್ಪ ಚೀಲ ಇಳಿಸಿ ಬೈಕಿನ ಸೀಟಿನ ಮೇಲಿಟ್ಟ. ಈಗ ನಕ್ಕವರು ಹೆಚ್ಚು ಮಂದಿ.

ಆದರೂ ಆವತ್ತು ಊರ ಕೊನೆಯ ತಿರುವಿನಲ್ಲಿ ಗಂಗರಾಜು ಚೀಲ ಮಾರಿದ ಎಂದು ಆಮೇಲೆ ಗೊತ್ತಾಯಿತು. ಯಾರಿಗೆ ಎಂದು ಯಾರೂ ಹೇಳಲಿಲ್ಲ.

ಮನೆಯ ದಾರಿಯಲ್ಲಿ ಮೋಹನ್‌ಬಾಬು ಕೇಳಿದ, "ಡೇರಿ ಮುಂದೆ ಹೇಳೋಕೆ ಮುಂಚೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ತೋಟ ಹೋಗ್ತಿತ್ತು."

"ಈಗ?"

"ಈಗ್ಲೂ ಹೋಗುತ್ತೆ. ಗೊತ್ತಿದ್ದೇ ಹೇಳ್ದೆ."

ಅವನು ಸಿಟ್ಟು ಮಾಡಲಿಲ್ಲ. ಮಾತೂ ಬದಲಿಸಲಿಲ್ಲ. ಮುಂದಿನ ವಾರ ಹೂವಿನವನು ಬಂದು ಜಮೀನು ಅಳೆದುಕೊಂಡು ಹೋದ. ಬೇರು ಕೀಳುವ ಯಂತ್ರ ಬರುವ ಮುಂಚೆ ತೋಟದಲ್ಲಿದ್ದ ಸೊಪ್ಪನ್ನೆಲ್ಲ ಕೊಯ್ದು ಬೇಕಾದವರಿಗೆ ಕೊಟ್ಟುಬಿಡಬೇಕಿತ್ತು.

ಆ ಬೆಳಿಗ್ಗೆ ಕವಿತ ತೋಟಕ್ಕೆ ಇಳಿಯುವ ಹೊತ್ತಿಗೆ ತನುಜ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದಳು. ಅಲ್ಲಿ ಹೆಂಗಸರು ಒಬ್ಬರ ತೋಟದಲ್ಲಿ ಒಬ್ಬರು ದುಡಿದು ಮುಯ್ಯಿ ತೀರಿಸುತ್ತಾರೆ. ತನುಜಳ ಕಡೆಯಿಂದ ಒಂದು ದಿನದ ಮುಯ್ಯಿ ಬಾಕಿಯಿತ್ತು. ಸುಳ್ಳು ಹೇಳಿ ಬದುಕಬಹುದು, ಮುಯ್ಯಿ ಉಳಿಸಿಕೊಂಡು ಬದುಕಲಾಗದು. ಕವಿತ ಬೇಡ ಎನ್ನಲಿಲ್ಲ. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಮಧ್ಯಾಹ್ನದ ತನಕ ಕಡ್ಡಿ ಕತ್ತರಿಸುವ ಸದ್ದೊಂದೇ.

ಮುಯ್ಯಿಗೆ ಬಂದವರಿಗೆ ಊಟ ಹಾಕಬೇಕು. ಕವಿತ ಮುದ್ದೆ, ಸೊಪ್ಪಿನ ಸಾರು ತಂದು ಬಡಿಸಿದಳು. ತನುಜ ತುತ್ತು ಮುರಿದು ಸಾರಿನಲ್ಲಿ ಅದ್ದಿದಳು, ನುಂಗಿದಳು.

"ಅವನು ಫೋನ್ ಎತ್ತಲ್ಲ ಕಣೇ," ಎಂದಳು. "ಚಾಕಿ ಕೊಡ್ಲೇ ಇಲ್ಲ. ಹುಳುಮನೆ ಖಾಲಿ ಬಿದ್ದಿದೆ."

"ಆಫೀಸಿಗೆ ಬರ್ತೀಯಾ?"

ತನುಜ ತಟ್ಟೆಯ ಅಂಚಿನಲ್ಲಿ ಬೆರಳಾಡಿಸಿದಳು.

"ಸಾರು ಹಾಕ್ಲಾ?" ಎಂದಳು ಕವಿತ.

"ಸಾಕು."

ತನುಜ ಕೈ ತೊಳೆದು, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಾಳಿದ್ದು ನಮ್ಮ ತೋಟದಲ್ಲಿ ಕೆಲಸ ಇದೆ. ಬರ್ತೀಯಾ ಕವಿತ?"

"ಇಲ್ಲ ತನುಜಕ್ಕ. ಬರಲ್ಲ."

ತನುಜ ಬದು ದಾಟಿ ಹೋದಳು.

ಕವಿತ ತಟ್ಟೆ ತೊಳೆದಿಟ್ಟಳು. ಪುಡಿಯ ಚೀಲವನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಎಲ್ಲಿಗೆ ಎಂದು ಅತ್ತೆ ಜಗಲಿಯಿಂದ ಕೇಳಿದರು. ಶಿಡ್ಲಘಟ್ಟಕ್ಕೆ, ಬರೆದು ಕೊಡೋಕೆ, ಎಂದಳು. ಒಬ್ಬಳೇನಾ ಎಂದರು. ಹೂಂ ಎಂದು, ಚಪ್ಪಲಿ ಮೆಟ್ಟಿ, ಬಸ್ಸಿನ ಕಡೆಗೆ ನಡೆದಳು.